ಕ್ಲಿಪ್‌ಲೆಸ್ ಪೆಡಲ್ ನಿಮ್ಮ ಐದನೇ ಖರ್ಚಾಗಿರಲಿ, ಮೊದಲನೇದಲ್ಲ

ಸೈಕಲ್ ಖಾತೆ | 1/9

ಫೋಟೋದಲ್ಲಿರೋದು ನನ್ನ ಎಡಗಾಲಿನ ಶೂ. ತಳ ಸ್ವಲ್ಪ ಝೂಮ್ ಮಾಡಿ ನೋಡಿ. ಆ ಕಬ್ಬಿಣದ ತುಂಡಿಗೆ ಎರಡು ಬೋಲ್ಟ್ ಇರಬೇಕು. ಇರೋದು ಒಂದೇ. ಇನ್ನೊಂದು ಹೊಸಕೆರೆಹಳ್ಳಿಗೂ ಕತ್ರಿಗುಪ್ಪೆಗೂ ಮಧ್ಯೆ ಎಲ್ಲೋ ಬಿದ್ದುಹೋಗಿದೆ. ಹತ್ತು ರೂಪಾಯಿಯ ವಸ್ತು ಅದು. ಅದು ಬಿದ್ದಿದ್ದಕ್ಕೆ ನಾನೂ ಬಿದ್ದೆ.

ಹೋದ ವಾರ ಹೆಲ್ಮೆಟ್ ಬಗ್ಗೆ ಬರೆದಾಗ ಡಿಎಂನಲ್ಲಿ ಹನ್ನೊಂದು ಜನ ಒಂದೇ ಪ್ರಶ್ನೆ ಕೇಳಿದ್ರಿ: "ಅಕ್ಕಾ, ಯಾವ ಕ್ಲಿಪ್‌ಲೆಸ್ ಪೆಡಲ್ ತಗೊಳ್ಳಲಿ?" ಹನ್ನೊಂದರಲ್ಲಿ ಏಳು ಜನ ಸೈಕಲ್ ತಗೊಂಡು ಇನ್ನೂ ಆರು ತಿಂಗಳಾಗಿಲ್ಲ. ಇಬ್ಬರ ಹತ್ರ ಹಿಂದಿನ ಲೈಟೇ ಇಲ್ಲ. ಒಬ್ಬಳು ನನ್ನ ಚಿಕ್ಕಪ್ಪನ ಮಗಳು, ಸೆಕೆಂಡ್ ಪಿಯು. ಅವಳ ಸೈಕಲ್ಲಿನ ಬ್ರೇಕ್ ಪ್ಯಾಡ್ ಸವೆದು ಕಿರ್ರೋ ಅಂತಿದೆ, ಆದ್ರೆ ಪೆಡಲ್ ಬೇಕಂತೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಬೈಯೋರು ಬೈಕೊಳ್ಳಿ. ಕ್ಲಿಪ್‌ಲೆಸ್ ಒಳ್ಳೆ ವಸ್ತು. ನಾನೂ ಬಳಸ್ತೀನಿ, ಇವತ್ತಿಗೂ. ಆದ್ರೆ ಮೌಂಟನ್ ಬೈಕ್, ಗ್ರಾವೆಲ್ ಬೈಕ್ ಇಟ್ಕೊಂಡು ಬೆಂಗಳೂರಲ್ಲಿ ಓಡಾಡೋ ನಮ್ಮಂಥ ಸ್ಟೂಡೆಂಟ್‌ಗಳಿಗೆ ಅದು ಮೊದಲ ಖರ್ಚಲ್ಲ. ಹೆಲ್ಮೆಟ್, ಲೈಟ್, ಬ್ರೇಕ್, ಟೈರು, ಈ ನಾಲ್ಕೂ ಆದ ಮೇಲೆ ಐದನೇದು. ಆ ಐದನೇ ಖರ್ಚು ಮಾಡೋವಾಗ ಯಾವುದು, ಯಾಕೆ, ಹೇಗೆ ಅನ್ನೋದು ಗೊತ್ತಿರಬೇಕು. ನಂಗೆ ಗೊತ್ತಿರಲಿಲ್ಲ. ಅದಕ್ಕೇ ಈ ಒಂಬತ್ತು ಕಂತು. ಸ್ವೈಪ್ ಮಾಡ್ತಾ ಹೋಗಿ.

ಸೈಕಲ್ ಖಾತೆ | 2/9
ಹೆಸರೇ ಉಲ್ಟಾ

ಮೊದಲು ಹೆಸರಿನ ಗೊಂದಲ ಬಗೆಹರಿಸೋಣ. "ಕ್ಲಿಪ್‌ಲೆಸ್" ಅಂದ್ರೆ ಕ್ಲಿಪ್ ಇಲ್ಲದ್ದು. ಆದ್ರೆ ಶೂನ ಪೆಡಲ್‌ಗೆ ಸಿಕ್ಕಿಸೋದಕ್ಕೆ ಎಲ್ಲರೂ "ಕ್ಲಿಪ್ ಇನ್" ಅಂತಾರೆ. ಇದೇನು ಹುಚ್ಚಾಟ ಅನ್ಸುತ್ತೆ ಅಲ್ವಾ?

ಹಿಂದಿನ ಕಥೆ ಇಷ್ಟೇ. ಹಳೇ ಕಾಲದ ರೇಸ್ ಸೈಕಲ್‌ಗಳಲ್ಲಿ ಪೆಡಲ್ ಮುಂದೆ ಒಂದು ಲೋಹದ ಬುಟ್ಟಿ, ಅದರ ಮೇಲೆ ಚರ್ಮದ ಬೆಲ್ಟ್ ಇರ್ತಿತ್ತು. ಕಾಲು ತೂರಿಸಿ ಬೆಲ್ಟ್ ಬಿಗಿದುಕೊಳ್ಳೋದು. ಆ ಬುಟ್ಟಿಗೆ ಟೋ ಕ್ಲಿಪ್ ಅಂತ ಹೆಸರು. 1984ರಲ್ಲಿ ಫ್ರಾನ್ಸಿನ ಲುಕ್ ಕಂಪನಿ, ಅಲ್ಲೀವರೆಗೂ ಹಿಮದ ಸ್ಕೀಗೆ ಬೂಟು ಹಿಡಿಸೋ ಬೈಂಡಿಂಗ್ ಮಾಡ್ತಿದ್ದವರು, ಅದೇ ಐಡಿಯಾನ ಸೈಕಲ್‌ಗೆ ತಂದ್ರು. ಶೂ ತಳದಲ್ಲೊಂದು ತುಂಡು, ಪೆಡಲ್‌ನಲ್ಲೊಂದು ಸ್ಪ್ರಿಂಗ್. ಒತ್ತಿದರೆ ಟಕ್ ಅಂತ ಕೂರುತ್ತೆ, ಹಿಮ್ಮಡಿ ಹೊರಗೆ ತಿರುಗಿಸಿದರೆ ಬಿಡುತ್ತೆ. ಬುಟ್ಟಿ ಇಲ್ಲ, ಅಂದ್ರೆ ಟೋ ಕ್ಲಿಪ್ ಇಲ್ಲ, ಅದಕ್ಕೇ ಕ್ಲಿಪ್‌ಲೆಸ್. 1985ರಲ್ಲಿ ಬರ್ನಾರ್ಡ್ ಇನೋ ಇದೇ ಪೆಡಲ್ ಹಾಕಿ ಟೂರ್ ಡಿ ಫ್ರಾನ್ಸ್ ಗೆದ್ದ ಮೇಲೆ ಟೋ ಕ್ಲಿಪ್ಪಿನ ಕಾಲ ಮುಗೀತು.

ಆದ್ರೆ ಅದು ಟಾರ್ ರೋಡಿನ ವಸ್ತು. ತಳದ ತುಂಡು ದೊಡ್ಡದು, ನಡೆದರೆ ಬಾತುಕೋಳಿ ನಡಿಗೆ. ಮಣ್ಣಿಗೆ, ಕಲ್ಲಿಗೆ ಅಂತ ಶಿಮಾನೋ 1990ರಲ್ಲಿ ಎಸ್‌ಪಿಡಿ ತಂತು. ಎರಡೇ ಬೋಲ್ಟಿನ ಪುಟ್ಟ ಕಬ್ಬಿಣದ ತುಂಡು, ಶೂ ತಳದ ಗುಳಿಯೊಳಗೆ ಅಡಗಿ ಕೂರುತ್ತೆ. ಕೆಳಗಿಳಿದು ಸೈಕಲ್ ತಳ್ಕೊಂಡು ನಡೀಬಹುದು, ಟೀ ಅಂಗಡಿ ಮೆಟ್ಟಿಲು ಹತ್ತಬಹುದು. ಆ ತುಂಡಿಗೆ ಕ್ಲೀಟ್ ಅಂತಾರೆ. ಇವತ್ತಿನ ಮಾತೆಲ್ಲ ಈ ಎರಡು ಬೋಲ್ಟಿನ ಕ್ಲೀಟ್ ಸುತ್ತಾನೇ.

ಸೈಕಲ್ ಖಾತೆ | 3/9
ಕತ್ರಿಗುಪ್ಪೆ ಸಿಗ್ನಲ್, ಬೆಳಗ್ಗೆ ಏಳೂವರೆ

ಹೋದ ವರ್ಷ ಆಗಸ್ಟ್. ನಾನು ಸೆಕೆಂಡ್ ಹ್ಯಾಂಡಲ್ಲಿ ಪೆಡಲ್, ಶೂ ತಗೊಂಡು ಹನ್ನೆರಡು ದಿನ ಆಗಿತ್ತು. ದುಡ್ಡು ನಂದಲ್ಲ. ಅಮ್ಮ ಬ್ಲೌಸ್ ಹೊಲಿದು ಕೂಡಿಟ್ಟಿದ್ದು. "ಕಾಲೇಜಿಗೆ ಸೈಕಲ್ಲಲ್ಲೇ ಹೋಗ್ತೀನಿ, ಬಸ್ ಪಾಸ್ ದುಡ್ಡು ಉಳಿಯುತ್ತೆ" ಅಂತ ಪಿಟೀಲು ಕುಯ್ದು ಇಸ್ಕೊಂಡಿದ್ದೆ.

ಭಾನುವಾರದ ರೈಡಿಗೆ ಹೊರಟಿದ್ದೆ. ಸಿಗ್ನಲ್ ಕೆಂಪಾಯ್ತು. ನಿಧಾನ ಮಾಡಿದೆ. ಎಡಗಾಲಿನ ಹಿಮ್ಮಡಿ ಹೊರಗೆ ತಿರುಗಿಸಿದೆ. ಶೂ ತಿರುಗ್ತು. ಕ್ಲೀಟ್ ತಿರುಗಲಿಲ್ಲ. ಇನ್ನೊಂದ್ಸಲ ತಿರುಗಿಸಿದೆ. ಶೂ ಮಾತ್ರ ಬಾಗಿಲ ಚಿಲಕದ ಥರ ಗರಗರ ತಿರುಗ್ತಿದೆ. ಒಂದು ಬೋಲ್ಟ್ ಬಿದ್ದುಹೋದ್ರೆ ಹೀಗೇ ಆಗೋದು. ಉಳಿದ ಒಂದು ಬೋಲ್ಟೇ ಕೀಲಾಗಿ, ಶೂ ಅದರ ಸುತ್ತ ತಿರುಗುತ್ತೆ. ಕ್ಲೀಟು ಪೆಡಲ್ ಹಿಡಿದುಕೊಂಡೇ ಇರುತ್ತೆ. ಆವಾಗ ಇದು ಗೊತ್ತಿರಲಿಲ್ಲ. ಸೈಕಲ್ ನಿಂತಿತು, ಒಂದು ಸೆಕೆಂಡ್ ಹಾಗೇ ಇತ್ತು, ಆಮೇಲೆ ಮರ ಬಿದ್ದ ಹಾಗೆ ಎಡಕ್ಕೆ ಬಿದ್ದೆ.

ಹಿಂದೆ ಬಿಎಂಟಿಸಿ ಬಸ್ಸಿತ್ತು. ಡ್ರೈವರ್ ಅಣ್ಣ ಒಂದು ಸೈಕಲ್ ಉದ್ದದ ದೂರದಲ್ಲಿ ನಿಲ್ಲಿಸಿದ್ರು. ಆ ಬ್ರೇಕಿನ ಸದ್ದು ಈಗ್ಲೂ ಕಿವೀಲಿದೆ.

ಹೂವಿನ ಆಂಟಿ ಓಡಿ ಬಂದ್ರು, ಒಬ್ಬ ಆಟೋ ಅಣ್ಣ ಬಂದ್ರು.
"ಕಾಲು ತೆಗಿಯಮ್ಮಾ!"
"ಬರ್ತಿಲ್ಲ ಅಣ್ಣಾ!"
"ಬರ್ತಿಲ್ಲ ಅಂದ್ರೆ? ಅಂಟಿಸ್ಕೊಂಡಿದ್ಯಾ?"

ಹೌದು ಅಣ್ಣಾ, ದುಡ್ಡು ಕೊಟ್ಟು ಅಂಟಿಸ್ಕೊಂಡಿದ್ದೆ. ಕೊನೆಗೆ ಆಂಟಿನೇ ಶೂ ಪಟ್ಟಿ ಬಿಚ್ಚಿದ್ರು. ಕಾಲು ಶೂನಿಂದ ಹೊರಗೆ ಬಂತು, ಶೂ ಪೆಡಲ್‌ನಲ್ಲೇ ನೇತಾಡ್ತಿತ್ತು. ಒಂದು ಕಾಲಲ್ಲಿ ಬರೀ ಸಾಕ್ಸ್ ಹಾಕ್ಕೊಂಡು ಕತ್ರಿಗುಪ್ಪೆ ಸಿಗ್ನಲ್‌ನಲ್ಲಿ ನಿಂತಿದ್ದೆ.

ಎಡ ಮಣಿಕಟ್ಟು ಊದಿತ್ತು. ಎಕ್ಸ್‌ರೇಲಿ ಮೂಳೆ ಮುರಿದಿಲ್ಲ ಅಂತ ಬಂತು. ಮೂರು ವಾರ ಬ್ಯಾಂಡೇಜ್. ಬರೆಯೋದು ಬಲಗೈ ಆದ್ದರಿಂದ ಇಂಟರ್ನಲ್ಸ್ ಬರೆದೆ. ಆದ್ರೆ ಮೂರು ವಾರ ಅಮ್ಮನೇ ಜಡೆ ಹಾಕಬೇಕಾಯ್ತು. ಅವ್ರಿಗೆ ನಾನು ಹೇಳಿದ್ದು: "ಕಾಲೇಜ್ ಮೆಟ್ಟಿಲಲ್ಲಿ ಜಾರಿದೆ." ಈ ಸುಳ್ಳಿನ ಲೆಕ್ಕ ಏಳನೇ ಕಂತಲ್ಲಿ ಬರುತ್ತೆ.

ಸೈಕಲ್ ಖಾತೆ | 4/9
"ಕ್ಲಿಪ್‌ಲೆಸ್ ಹಾಕಿದ್ರೆ ಸ್ಪೀಡ್ ಡಬಲ್ ಮಗಾ"

ಇದು ನಿಮಗೆ ಯಾರಾದ್ರೂ ಹೇಳೇ ಹೇಳಿರ್ತಾರೆ. ನನಗೂ ಹೇಳಿದ್ರು. ತರ್ಕ ಹೀಗೆ: ಫ್ಲ್ಯಾಟ್ ಪೆಡಲ್‌ನಲ್ಲಿ ಕೆಳಗೆ ತುಳಿಯೋದಷ್ಟೇ ಕೆಲಸ, ಕ್ಲಿಪ್‌ಲೆಸ್‌ನಲ್ಲಿ ಕಾಲು ಮೇಲೆ ಬರೋವಾಗ ಎಳೀಲೂಬಹುದು, ಆದ್ದರಿಂದ ಶಕ್ತಿ ಜಾಸ್ತಿ.

ಕೇಳೋಕೆ ಸಕತ್ತಾಗಿದೆ. ಆದ್ರೆ ಅಳತೆ ಮಾಡಿ ನೋಡಿದವರು ಬೇರೆ ಹೇಳ್ತಾರೆ. 2016ರಲ್ಲಿ ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದ ಸಂಶೋಧಕರು ಸೈಕಲ್ ತುಳಿಯೋವಾಗ ದೇಹ ಎಷ್ಟು ಶಕ್ತಿ ಖರ್ಚು ಮಾಡುತ್ತೆ ಅಂತ ಅಳೆದ್ರು. ಮಾಮೂಲಿ ರನ್ನಿಂಗ್ ಶೂ ಮತ್ತು ಫ್ಲ್ಯಾಟ್ ಪೆಡಲ್ ಒಂದು ಕಡೆ, ಗಟ್ಟಿ ತಳದ ಸೈಕ್ಲಿಂಗ್ ಶೂ ಮತ್ತು ಕ್ಲಿಪ್‌ಲೆಸ್ ಇನ್ನೊಂದು ಕಡೆ. ಒಂದೇ ಹದದಲ್ಲಿ ತುಳಿಯೋವಾಗ ಹೇಳಿಕೊಳ್ಳೋವಂಥ ವ್ಯತ್ಯಾಸ ಕಾಣಲಿಲ್ಲ. ಅಂದ್ರೆ ಮನೆಯಿಂದ ಕಾಲೇಜಿಗೆ ಹೋಗೋ ನಮ್ಮ ತುಳಿತಕ್ಕೆ ಪೆಡಲ್ ಬದಲಾಯಿಸೋದ್ರಿಂದ ಉಳಿತಾಯ ಏನೂ ಇಲ್ಲ.

ಹಾಗಂತ ಕ್ಲಿಪ್‌ಲೆಸ್ ದಂಡ ಅಂತ ಅರ್ಥ ಅಲ್ಲ ಕಣ್ರಪ್ಪಾ. ಆ ಪ್ರಯೋಗ ನಡೆದಿದ್ದು ಆರಾಮದ ತುಳಿತದಲ್ಲಿ, ಸ್ಪ್ರಿಂಟ್‌ನಲ್ಲಲ್ಲ. ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದು ರಾಷ್ಟ್ರೀಯ ಮಟ್ಟದಲ್ಲಿ ಮೆಡಲ್ ಹೊಡೆಯೋ ನಮ್ಮ ಹುಡುಗ ಹುಡುಗೀರು ಗೆರೆ ಮುಟ್ಟೋಕೆ ಮುಂಚೆ ಎದ್ದು ನಿಂತು ತುಳಿಯೋದು ನೋಡಿ. ಆ ರಭಸದಲ್ಲಿ ಕಾಲು ಜಾರಿದ್ರೆ ಕಥೆ ಮುಗೀತು. ಅವರಿಗೆ ಅದು ಬೇಕೇ ಬೇಕು. ಕಲ್ಲಿನ ದಾರಿಯಲ್ಲಿ ಸೈಕಲ್ ದಡಬಡ ಕುಣಿಯೋವಾಗ್ಲೂ ಕಾಲು ಪೆಡಲ್ ಬಿಟ್ಟು ಹಾರಲ್ಲ. 200 ಕಿ.ಮೀ. ಬ್ರೆವೆ ಮಾಡೋರು 13 ಗಂಟೆ 30 ನಿಮಿಷದೊಳಗೆ ಮುಗಿಸಬೇಕು. ಅಷ್ಟು ಹೊತ್ತು ಪಾದ ಒಂದೇ ಜಾಗದಲ್ಲಿದ್ರೆ ನೆಮ್ಮದಿ. ಕ್ಲಿಪ್‌ಲೆಸ್‌ನ ನಿಜವಾದ ಲಾಭ ಇದು, ಕಾಲು ಜಾಗ ಬಿಡಲ್ಲ. ಅದನ್ನ ಸ್ಪೀಡ್ ಅಂತ ಮಾರೋದು ಮಾತ್ರ ಬಿಲ್ಡಪ್.

ಇನ್ನೊಂದು ಕಡೆಯೂ ಹೇಳ್ತೀನಿ. ಆಸ್ಟ್ರೇಲಿಯಾದ ಸ್ಯಾಮ್ ಹಿಲ್ ಅಂತ ಒಬ್ರಿದ್ದಾರೆ. 2017, 2018, 2019, ಮೂರು ವರ್ಷ ಸತತವಾಗಿ ಎಂಡ್ಯೂರೋ ವರ್ಲ್ಡ್ ಸೀರೀಸ್ ಚಾಂಪಿಯನ್. ಹಾಕಿದ್ದು ಫ್ಲ್ಯಾಟ್ ಪೆಡಲ್. ಜಗತ್ತಿನ ಅತಿ ಕಷ್ಟದ ಇಳಿಜಾರುಗಳಲ್ಲಿ. "ಫ್ಲ್ಯಾಟ್ ಅಂದ್ರೆ ಬಿಗಿನರ್" ಅನ್ನೋರಿಗೆ ಈ ಹೆಸರು ಹೇಳಿ ಸುಮ್ನಾಗಿ.

ಸೈಕಲ್ ಖಾತೆ | 5/9
ನೀವು ಓಡಿಸೋದು ಎಲ್ಲಿ?

ಪೆಡಲ್ ಯಾವುದು ಅಂತ ಕೇಳೋ ಮುಂಚೆ ದಾರಿ ಯಾವುದು ಅಂತ ಕೇಳ್ಕೊಳ್ಳಿ. ನಮ್ಮ ಏರಿಯಾದಿಂದ ಹೊರಟರೆ ಮೂರು ಥರದ ದಾರಿ.

ಒಂದು, ಊರೊಳಗೆ. ಹೊಸಕೆರೆಹಳ್ಳಿ, ಗಿರಿನಗರ, ಕತ್ರಿಗುಪ್ಪೆ, ಬನಶಂಕರಿ, ಜಯನಗರ. ಸಿಗ್ನಲ್, ಹಂಪ್, ಗುಂಡಿ, ಏಕಾಏಕಿ ಬಾಗಿಲು ತೆಗೆಯೋ ಕಾರು, ರಾಂಗ್ ಸೈಡಲ್ಲಿ ಬರೋ ಸ್ಕೂಟರ್. ಪ್ರತಿ ಐದು ನಿಮಿಷಕ್ಕೆ ಕಾಲು ಕೆಳಗಿಡಬೇಕು. ಇಲ್ಲಿ ಫ್ಲ್ಯಾಟ್. ನನ್ನ ಪ್ರಕಾರ ಇದರಲ್ಲಿ ಎರಡನೇ ಮಾತಿಲ್ಲ.

ಎರಡು, ಗ್ರಾವೆಲ್. ಕೆಂಗೇರಿ ದಾಟಿ ರಾಮೋಹಳ್ಳಿ ಕಡೆ, ದೊಡ್ಡ ಆಲದ ಮರ, ಅಲ್ಲಿಂದ ಮಂಚನಬೆಲೆ. ಊರು ಬಿಟ್ಟ ಮೇಲೆ ಜಲ್ಲಿ, ಮಣ್ಣು, ಅರ್ಧಂಬರ್ಧ ಟಾರು. ಗಂಟೆಗಟ್ಟಲೆ ಕಾಲು ಕೆಳಗಿಡದೆ ತುಳಿಯೋ ಜಾಗ. ಕ್ಲಿಪ್‌ಲೆಸ್ ಸಾರ್ಥಕ ಆಗೋದು ಇಲ್ಲಿ. ಆದ್ರೆ ಎರಡು ಬೋಲ್ಟಿಂದೇ ತಗೊಳ್ಳಿ. ರೋಡ್ ಸೈಕಲ್ಲಿನ ಮೂರು ಬೋಲ್ಟಿನ ಪ್ಲಾಸ್ಟಿಕ್ ಕ್ಲೀಟ್ ಗ್ರಾವೆಲ್‌ಗೆ ಬೇಡವೇ ಬೇಡ. ಯಾರಾದ್ರೂ "ಹಳೇದಿದೆ, ಸುಮ್ನೆ ತಗೋ" ಅಂದ್ರೂ ಬೇಡ. ಒಂದ್ಸಲ ಇಳಿದು ಕಲ್ಲಿನ ಮೇಲೆ ನಡೆದ್ರೆ ಸವೀತಾ ಹೋಗುತ್ತೆ, ನುಣುಪಾದ ಬಂಡೆ ಮೇಲೆ ಕಾಲಿಟ್ರೆ ಜಾರ್ತೀರ.

ಮೂರು, ಮೌಂಟನ್ ಬೈಕ್ ಟ್ರೇಲ್. ತುರಹಳ್ಳಿ ಹೆಸರು ಎಲ್ಲರಿಗೂ ಗೊತ್ತು. ಅದು ಅರಣ್ಯ ಇಲಾಖೆ ಜಾಗ. ಸೈಕಲ್ ಬಿಡ್ತಾರಾ ಅಂತ ಕೇಳ್ಕೊಂಡೇ ಹೋಗಿ, ಬೇಲಿ ಹಾರಬೇಡಿ. ಬಂಡೆ, ಬೇರು, ಸಡಿಲ ಮಣ್ಣು ಇರೋ ಇಂಥ ದಾರಿಯಲ್ಲಿ ಕಲಿಯೋವಾಗ ಬೀಳೋದು ಗ್ಯಾರಂಟಿ. ಫ್ಲ್ಯಾಟ್ ಆದ್ರೆ ಸೈಕಲ್ ಒಂದು ಕಡೆ ಎಸೆದು ನೀವು ಇನ್ನೊಂದು ಕಡೆ ಹಾರಬಹುದು. ಇನ್ನೊಂದು ಲಾಭವೂ ಇದೆ. ಕ್ಲಿಪ್‌ಲೆಸ್‌ನಲ್ಲಿ ಸೈಕಲ್ ಎತ್ತಬೇಕು ಅಂದ್ರೆ ಕಾಲು ಮೇಲೆಳೆದ್ರೆ ಸಾಕು, ಫ್ಲ್ಯಾಟ್‌ನಲ್ಲಿ ಹಾಗಾಗಲ್ಲ. ಪಾದ ಬಾಗಿಸಿ, ಮೈ ಭಾರ ಮುಂದೆ ಹಿಂದೆ ಮಾಡಿ ಎತ್ತೋದು ಕಲೀಲೇಬೇಕು. ಆ ವಿದ್ಯೆ ಕೊನೆವರೆಗೂ ಕೈ ಹಿಡಿಯುತ್ತೆ.

ಫ್ಲ್ಯಾಟ್‌ಗೂ ಒಂದು ಬೆಲೆ ಇದೆ, ಮುಚ್ಚಿಡಲ್ಲ. ಒಳ್ಳೆ ಫ್ಲ್ಯಾಟ್ ಪೆಡಲ್ ಮೇಲೆ ಪುಟ್ಟ ಪಿನ್‌ಗಳಿರ್ತವೆ, ಶೂ ತಳವನ್ನ ಹಲ್ಲಿ ಥರ ಹಿಡಿದುಕೊಳ್ತವೆ. ಕಾಲು ಜಾರಿದ್ರೆ ಅದೇ ಪಿನ್ ಮೊಳಕಾಲಿನ ಕೆಳಗೆ ಚರ್ಮ ಕೆರೆಯುತ್ತೆ. ನನ್ನ ಬಲಗಾಲಿನ ಮೇಲೆ ನಾಲ್ಕು ಗೀರಿವೆ. ಆದ್ರೆ ಗೀರು ಒಂದು ವಾರಕ್ಕೆ ಒಣಗುತ್ತೆ.

ಸೈಕಲ್ ಖಾತೆ | 6/9
ಸರಿ ಅಕ್ಕಾ, ಐದನೇ ಖರ್ಚಿಗೆ ಬಂದಿದ್ದೀನಿ. ಯಾವುದು ತಗೊಳ್ಳಲಿ?

ಈಗ ದಾರಿಗೆ ಬಂದ್ರಿ. ಒಂದೊಂದಾಗಿ ಹೇಳ್ತೀನಿ, ಸೇವ್ ಮಾಡ್ಕೊಳ್ಳಿ.

ಊರೊಳಗೂ ಓಡಿಸ್ತೀರ, ವಾರಕ್ಕೊಮ್ಮೆ ಹೊರಗೂ ಹೋಗ್ತೀರ ಅಂದ್ರೆ ಒಂದು ಬದಿ ಫ್ಲ್ಯಾಟ್, ಇನ್ನೊಂದು ಬದಿ ಎಸ್‌ಪಿಡಿ ಇರೋ ಪೆಡಲ್ ನೋಡಿ. ಶಿಮಾನೋ ಇಎಚ್ 500 ಈ ಜಾತಿಯದ್ದು. ಕಾಲೇಜಿಗೆ ಚಪ್ಪಲಿ ಹಾಕ್ಕೊಂಡೂ ಹೋಗಬಹುದು, ಭಾನುವಾರ ಶೂ ಸಿಕ್ಕಿಸಬಹುದು. ತೊಂದರೆ ಒಂದೇ, ಸಿಗ್ನಲ್ ಬಿಟ್ಟಾಗ ಯಾವ ಬದಿ ಮೇಲಿದೆ ಅಂತ ಒಂದು ಕ್ಷಣ ನೋಡಬೇಕಾಗುತ್ತೆ.

ಪೂರ್ತಿ ಕಲ್ಲು ಮಣ್ಣು ಅಂದ್ರೆ ಎರಡೂ ಬದಿ ಎಸ್‌ಪಿಡಿ. ಎಂ 520 ಅಂತ ಬರುತ್ತೆ. ಜೋಡಿಗೆ ಸುಮಾರು 380 ಗ್ರಾಂ, ಹೆಚ್ಚು ಹಗುರ ಅಲ್ಲ, ನೋಡೋಕೂ ಚೆಂದ ಇಲ್ಲ, ಆದ್ರೆ ಕತ್ತೆ ಥರ ದುಡಿಯುತ್ತೆ. ದುಬಾರಿ ಮಾಡೆಲ್‌ಗಳು ಹಗುರ ಇರ್ತವೆ. ನಮಗೆ ನೂರು ಗ್ರಾಂ ಕಮ್ಮಿ ಮಾಡಬೇಕು ಅಂದ್ರೆ ಬೆಳಗ್ಗೆ ಒಂದು ವಡೆ ಕಮ್ಮಿ ತಿಂದ್ರೆ ಆಯ್ತು.

ಮಳೆಗಾಲದ ಕೆಸರಲ್ಲಿ ಓಡಿಸೋರು ಕ್ರ್ಯಾಂಕ್‌ಬ್ರದರ್ಸ್ ಹೊಗಳ್ತಾರೆ. ಅವರ ಎಗ್‌ಬೀಟರ್ ಹೆಸರಿಗೆ ತಕ್ಕ ಹಾಗೆ ಮೊಟ್ಟೆ ಕಡೆಯೋ ಕೋಲಿನಂತಿದೆ, ನಾಲ್ಕು ಕಡೆಯಿಂದಲೂ ಸಿಕ್ಕಿಸಬಹುದು, ಮಣ್ಣು ನಿಲ್ಲೋಕೆ ಜಾಗವೇ ಇಲ್ಲ. ಆದ್ರೆ ಸ್ಪ್ರಿಂಗ್ ಬಿಗಿ ಸಡಿಲ ಮಾಡೋ ಸ್ಕ್ರೂ ಇಲ್ಲ. ಕ್ಲೀಟ್ ಹಿತ್ತಾಳೆಯದ್ದು, ಕಬ್ಬಿಣದ್ದಕ್ಕಿಂತ ಬೇಗ ಸವೆಯುತ್ತೆ. ಎಡ ಬಲ ಕ್ಲೀಟ್ ಅದಲು ಬದಲು ಮಾಡಿದ್ರೆ ಬಿಡಿಸಿಕೊಳ್ಳೋ ಕೋನ 15 ಡಿಗ್ರಿ ಅಥವಾ 20 ಡಿಗ್ರಿ ಆಗುತ್ತೆ. ಹೊಸಬರು 15ಕ್ಕೆ ಇಟ್ಕೊಳ್ಳಿ. ಒಂದು ಕಂಪನಿ ಕ್ಲೀಟ್ ಇನ್ನೊಂದು ಕಂಪನಿ ಪೆಡಲ್‌ಗೆ ಕೂರದೇ ಇರಬಹುದು ಅನ್ನೋದೂ ನೆನಪಿರಲಿ.

ಎಲ್ಲಕ್ಕಿಂತ ಮುಖ್ಯವಾದ ಮಾತು, ಯಾವ ಅಂಗಡಿಯಲ್ಲೂ ತಾವಾಗಿ ಹೇಳಲಿಲ್ಲ ನನಗೆ. ಶಿಮಾನೋ ಎಸ್‌ಪಿಡಿಯಲ್ಲಿ ಮುಖ್ಯವಾಗಿ ಎರಡು ಥರದ ಕ್ಲೀಟ್ ಇದೆ. ಎಸ್‌ಎಚ್ 51, ಸಾಮಾನ್ಯವಾಗಿ ಕಪ್ಪು ಬಣ್ಣ. ಪಕ್ಕಕ್ಕೆ ತಿರುಗಿಸಿದರೆ ಮಾತ್ರ ಬಿಡುತ್ತೆ. ಹೆಚ್ಚಿನ ಪೆಡಲ್‌ಗಳ ಜೊತೆ ಡಬ್ಬಿಯಲ್ಲಿ ಬರೋದು ಇದೇ. ಇನ್ನೊಂದು ಎಸ್‌ಎಚ್ 56, ಬೆಳ್ಳಿ ಬಣ್ಣ. ಗಾಬರಿಯಲ್ಲಿ ಮೇಲಕ್ಕೆ, ಓರೆಯಾಗಿ ಜೋರಾಗಿ ಎಳೆದರೂ ಬಿಡುತ್ತೆ. ಬೀಳೋವಾಗ ಮನುಷ್ಯ ಲೆಕ್ಕ ಹಾಕಿ ಹಿಮ್ಮಡಿ ತಿರುಗಿಸಲ್ಲ, ಕಾಲು ಕಿತ್ಕೊಳ್ಳೋಕೆ ನೋಡ್ತಾನೆ. ಹೊಸಬರಿಗೆ 56. ರೇಸ್‌ನಲ್ಲಿ ಎಳೆದಾಗ ಅಕಸ್ಮಾತ್ ಬಿಟ್ಟುಹೋಗಬಹುದು ಅನ್ನೋ ದೂರು ಇದೆ. ನಾವು ರೇಸ್‌ನಲ್ಲಿಲ್ಲ.

ಸೈಕಲ್ ಖಾತೆ | 7/9
ಅಮ್ಮನ ಮೆಷಿನ್ನು, ನನ್ನ ಬೋಲ್ಟು

ಬಿದ್ದು ಎರಡು ವಾರ ಆಗಿತ್ತು. ಮಂಚದ ಕೆಳಗೆ ಗುಡಿಸೋವಾಗ ಅಮ್ಮನ ಕೈಗೆ ಶೂ ಸಿಕ್ತು. ತಿರುಗಿಸಿ ತಳ ನೋಡಿದ್ರು. ಕ್ಲೀಟ್ ಹಿಡಿದು ಅಲ್ಲಾಡಿಸಿದ್ರು. ಗರಗರ ತಿರುಗ್ತು.

"ಇಲ್ಲೊಂದು ಸ್ಕ್ರೂ ಇರಬೇಕಿತ್ತಲ್ವೇನೇ?"

ನಾನು ಸುಮ್ಮನಿದ್ದೆ.

"ಮೆಟ್ಟಿಲಲ್ಲಿ ಜಾರಿದ್ದಲ್ಲ ನೀನು."

ಇಪ್ಪತ್ತೆರಡು ವರ್ಷದಿಂದ ಹೊಲಿಗೆ ಮೆಷಿನ್ ಮುಂದೆ ಕೂತವರಿಗೆ ಸಡಿಲ ಸ್ಕ್ರೂ ಬಗ್ಗೆ ಸುಳ್ಳು ಹೇಳೋಕಾಗಲ್ಲ. ದಿನಾ ಬೆಳಗ್ಗೆ ಮೊದಲ ಬಟ್ಟೆ ಇಡೋ ಮುಂಚೆ ಸೂಜಿ ಹಿಡಿಯೋ ಸ್ಕ್ರೂನ ಒಂದ್ಸಲ ಬಿಗಿ ಮಾಡಿ ನೋಡ್ತಾರೆ. "ಮೆಷಿನ್ ಅದುರುತ್ತೆ, ಅದುರೋದೆಲ್ಲ ಸಡಿಲ ಆಗುತ್ತೆ. ಇಷ್ಟು ಓದಿದ್ಯಾ, ಇಷ್ಟು ಗೊತ್ತಾಗಲಿಲ್ವಾ?" ಅಂದ್ರು. ದುಡ್ಡಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಬೈದಿದ್ರೆ ಎಷ್ಟೋ ವಾಸಿ ಇತ್ತು.

ತಪ್ಪು ನಂದೇ. ಹಿಂದಿನ ರಾತ್ರಿ ನಾನೇ ಕ್ಲೀಟ್ ಜಾಗ ಬದಲಾಯಿಸಿ, ನಿದ್ದೆಗಣ್ಣಲ್ಲಿ ಅರ್ಧಂಬರ್ಧ ಬಿಗಿ ಮಾಡಿದ್ದೆ. ನೀವು ಹೀಗೆ ಮಾಡಿ:

ಕ್ಲೀಟ್ ಬೋಲ್ಟ್‌ಗೆ 4 ಎಂಎಂ ಅಲೆನ್ ಕೀ. ಬೋಲ್ಟಿನ ಮರೆಗೆ ಸ್ವಲ್ಪ ಗ್ರೀಸ್ ಹಚ್ಚಿ. ಎರಡನ್ನೂ ಸರದಿಯಲ್ಲಿ ಬಿಗಿ ಮಾಡಿ, 5ರಿಂದ 6 ನ್ಯೂಟನ್ ಮೀಟರ್. ಟಾರ್ಕ್ ರೆಂಚ್ ಇಲ್ಲ ಅಂದ್ರೆ ಗೊತ್ತಿರೋರ ಹತ್ರ ಒಂದ್ಸಲ ಮಾಡಿಸಿ. ಮೊದಲ ರೈಡ್ ಆದ ಮೇಲೆ ಮತ್ತೆ ಬಿಗಿ ನೋಡಿ. ಆಮೇಲೆ ವಾರಕ್ಕೊಮ್ಮೆ.

ಕ್ಲೀಟ್ ಜಾಗ: ಹೆಬ್ಬೆರಳಿನ ಬುಡದಲ್ಲಿ ಪಾದದ ಉಬ್ಬಿದೆಯಲ್ಲ, ಅದರ ಕೆಳಗೆ ಅಥವಾ ಒಂಚೂರು ಹಿಂದೆ. ನೀವು ನಡೆಯೋವಾಗ ಪಾದ ಯಾವ ಕಡೆ ತಿರುಗಿರುತ್ತೋ ಅದೇ ಕೋನ. ಬಲವಂತವಾಗಿ ನೇರ ಮಾಡಿದ್ರೆ ಮಂಡಿ ನೋವು ಬರುತ್ತೆ. ನೋವು ಬಂದ್ರೆ ಸಹಿಸ್ಕೋಬೇಡಿ, ಕೋನ ಬದಲಾಯಿಸಿ.

ಪೆಡಲ್ ಸ್ಪ್ರಿಂಗ್: 3 ಎಂಎಂ ಅಲೆನ್ ಕೀಯಿಂದ ಪೂರ್ತಿ ಸಡಿಲ ಮಾಡಿ ಶುರು ಮಾಡಿ. ನಾಲ್ಕೂ ಸ್ಕ್ರೂ ಒಂದೇ ಸಮ ಇರಲಿ.

ಪೆಡಲ್ ಹಾಕೋವಾಗ: ಬಲದ್ದು ಮಾಮೂಲಿ ಮರೆ, ಎಡದ್ದು ಉಲ್ಟಾ ಮರೆ. ಪೆಡಲ್ ಮೇಲೆ ಎಲ್, ಆರ್ ಅಂತ ಬರೆದಿರುತ್ತೆ. ಬಲವಂತ ಮಾಡಿದ್ರೆ ಕ್ರ್ಯಾಂಕ್ ಹಾಳು.

ಪ್ರಾಕ್ಟೀಸ್: ಮೊದಲು ಮನೆ ಗೋಡೆ ಹಿಡ್ಕೊಂಡು ಒಂದೊಂದು ಕಾಲಿಗೆ ಐವತ್ತು ಸಲ. ಆಮೇಲೆ ಖಾಲಿ ಮೈದಾನ, ಹುಲ್ಲಿದ್ರೆ ಒಳ್ಳೇದು. ರೋಡಿಗೆ ಬಂದಾಗ ನಿಲ್ಲೋದಕ್ಕೆ ಇಪ್ಪತ್ತು ಮೀಟರ್ ಮುಂಚೆನೇ ಎಡಗಾಲು ಬಿಡಿಸಿ, ಎಡಕ್ಕೇ ವಾಲಿ. ನಮ್ಮಲ್ಲಿ ಗಾಡಿಗಳು ಬರೋದು ಬಲಗಡೆ. ಅಕಸ್ಮಾತ್ ಬಿಡಲೇ ಇಲ್ಲ ಅಂದ್ರೆ ಹೂವಿನ ಆಂಟಿ ಹೇಳ್ಕೊಟ್ಟ ವಿದ್ಯೆ: ಶೂ ಪಟ್ಟಿ ಬಿಚ್ಚಿ ಕಾಲು ಹೊರಗೆ ತೆಗೀರಿ.

ಸೈಕಲ್ ಖಾತೆ | 8/9
ನಾನು ಬಿಕಾಂ, ಲೆಕ್ಕ ಇಲ್ದೆ ಮುಗಿಸಲ್ಲ

ನನ್ನ ನೋಟ್‌ಬುಕ್ಕಿನ ಪುಟದ ಫೋಟೋ ಹಾಕಿದ್ದೀನಿ. ಓದೋಕೆ ಬರ್ದಿದ್ರೆ ಇಲ್ಲಿದೆ:

ಹಳೇ ಪೆಡಲ್ 2,200
ಹಳೇ ಶೂ 3,000
ಹೊಸ ಕ್ಲೀಟ್ 1,300
ಒಟ್ಟು 6,500

ಇದಿಷ್ಟೇ ಅನ್ಕೊಂಡಿದ್ದೆ. ಆಮೇಲೆ ಡಾಕ್ಟರ್, ಎಕ್ಸ್‌ರೇ, ಬ್ಯಾಂಡೇಜ್ ಸೇರಿ 1,150. ಮೂರು ವಾರ ಬಸ್ಸು, ಆಟೋ 840. ಅಲ್ಲಿಗೆ 8,490. ಪುಸ್ತಕದಲ್ಲಿ ಗುಪ್ತ ವೆಚ್ಚ ಅಂತ ಓದ್ತೀವಲ್ಲ, ಅದು ಪರೀಕ್ಷೆಗೆ ಮಾತ್ರ ಅಲ್ಲ ಅಂತ ಅವತ್ತು ಗೊತ್ತಾಯ್ತು.

ಪೆಡಲ್‌ನ ಬೆಲೆ ನೋಡಿ ಯಾರೂ ಬಜೆಟ್ ಹಾಕಬೇಡಿ. ದುಡ್ಡು ತಿನ್ನೋದು ಶೂ. 2025ರ ಸೆಪ್ಟೆಂಬರ್ 22ರಿಂದ ಸೈಕಲ್, ಸೈಕಲ್ ಬಿಡಿಭಾಗಗಳ ಜಿಎಸ್‌ಟಿ 12ರಿಂದ ಶೇ 5ಕ್ಕೆ ಇಳೀತು, ಸಂತೋಷ. ಶೂಗೆ ಲೆಕ್ಕ ಬೇರೆ. ಜೋಡಿಗೆ 2,500 ರೂಪಾಯಿವರೆಗೆ ಶೇ 5, ಅದು ದಾಟಿದ್ರೆ ಶೇ 18. ಹೆಸರಿರೋ ಕಂಪನಿಯ ಕ್ಲಿಪ್‌ಲೆಸ್ ಶೂ 2,500ರೊಳಗೆ ಹೊಸದು ಸಿಗೋದು ಕನಸು. ಅಂದ್ರೆ ಪೆಡಲ್‌ಗೆ ರಿಯಾಯಿತಿ, ಶೂಗೆ ಪೂರ್ತಿ ಏಟು.

ಹುಡುಗೀರಿಗೆ ಇನ್ನೊಂದು ತಲೆನೋವು. ನನ್ನ ಸೈಜ್ ಯೂರೋಪಿಯನ್ ಅಳತೆಯಲ್ಲಿ 38. ಸೆಕೆಂಡ್ ಹ್ಯಾಂಡ್ ಮಾರೋರೆಲ್ಲ ಗಂಡಸರು, 41ರಿಂದ ಮೇಲೆ. ನಾನು ತಗೊಂಡಿದ್ದು 39. ಎರಡು ಸಾಕ್ಸ್ ಹಾಕ್ಕೊಂಡು ಅಡ್ಜಸ್ಟ್ ಮಾಡ್ಕೊಂಡೆ. ದೊಡ್ಡ ಶೂ ಒಳಗೆ ಕಾಲು ಆಡುತ್ತೆ, ಹಿಮ್ಮಡಿ ತಿರುಗಿಸಿದ್ರೆ ಮೊದಲು ಕಾಲು ತಿರುಗುತ್ತೆ, ಆಮೇಲೆ ಶೂ. ಆ ಅರ್ಧ ಸೆಕೆಂಡಿನ ಬೆಲೆ ಸಿಗ್ನಲ್‌ನಲ್ಲಿ ಗೊತ್ತಾಗುತ್ತೆ. ಸರಿಯಾದ ಸೈಜ್ ಸಿಗೋವರೆಗೂ ಕಾಯಿರಿ. ಕಾಯೋದಕ್ಕೆ ಜಿಎಸ್‌ಟಿ ಇಲ್ಲ.

ಅದೇ 6,500ರಲ್ಲಿ ನಾನು ಏನೇನು ಮಾಡಬಹುದಿತ್ತು? ಒಂದು ಜೊತೆ ಒಳ್ಳೆ ನೈಲಾನ್ ಫ್ಲ್ಯಾಟ್ ಪೆಡಲ್, ಹಿಂದೆ ಮುಂದೆ ಲೈಟು, ಹೊಸ ಬ್ರೇಕ್ ಪ್ಯಾಡು, ಎರಡು ಟೈರು. ಆಮೇಲೂ ದೊಡ್ಡ ಆಲದ ಮರದ ಹತ್ರ ಎಷ್ಟೋ ಭಾನುವಾರದ ಇಡ್ಲಿ ಕಾಫಿಗೆ ದುಡ್ಡು ಉಳೀತಿತ್ತು.

ಸೈಕಲ್ ಖಾತೆ | 9/9
ಕೊನೇ ಮಾತು, ಸ್ವಲ್ಪ ಖಾರ

ಇಷ್ಟೆಲ್ಲ ತಿಳ್ಕೊಳ್ಳದೆ ನಾನು ಯಾಕೆ ತಗೊಂಡೆ? ನಿಜ ಹೇಳ್ತೀನಿ. ಒಂದು ಭಾನುವಾರದ ರೈಡಲ್ಲಿ ಟೀ ಕುಡೀತಾ ನಿಂತಿದ್ವಿ. ಒಬ್ಬರು ನನ್ನ ಪೆಡಲ್ ನೋಡಿ ನಕ್ಕು, "ಫ್ಲ್ಯಾಟಾ? ತರಕಾರಿ ತರೋಕೆ ಹೊರಟಿದ್ಯಾ?" ಅಂದ್ರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಅಮ್ಮನ ಹತ್ರ ದುಡ್ಡು ಕೇಳಿದೆ.

ಅಷ್ಟೇ ಕಾರಣ. ರಿಸರ್ಚ್ ಮಾಡಿರಲಿಲ್ಲ, ದಾರಿ ನೋಡಿರಲಿಲ್ಲ. ಒಂದು ನಗು ತಡ್ಕೊಳ್ಳೋಕಾಗಲಿಲ್ಲ.

ಅದಕ್ಕೇ ಈ ಮಾತು ಇಬ್ಬರಿಗೆ. ಒಂದು, ನಗೋರಿಗೆ. ನೀವು ತಮಾಷೆಗೆ ಅಂದಿರ್ತೀರ. ಆ ತಮಾಷೆ ಯಾರದೋ ಮನೇಲಿ ಆರು ತಿಂಗಳ ಉಳಿತಾಯ ಆಗಿರಬಹುದು, ಯಾರದೋ ಮಣಿಕಟ್ಟು ಆಗಿರಬಹುದು. ಹೊಸಬರು ಬಂದಾಗ ಪೆಡಲ್ ನೋಡಬೇಡಿ, ಬ್ರೇಕ್ ನೋಡಿ. "ಲೈಟ್ ಇದ್ಯಾ?" ಅಂತ ಕೇಳಿ. ಸೀನಿಯರ್ ಆಗೋದು ಹಾಗೆ. ಇನ್ನು ತರಕಾರಿ ತರೋ ವಿಷಯ: ಸೈಕಲ್ಲಲ್ಲಿ ತರಕಾರಿ ತರೋದು ಅವಮಾನ ಅಲ್ಲ ಸ್ವಾಮಿ. ನಮ್ಮಪ್ಪ ಗೂಡ್ಸ್ ಆಟೋ ತಗೊಳ್ಳೋವರೆಗೂ ಸೈಕಲ್ಲಲ್ಲೇ ಮಾರ್ಕೆಟ್‌ನಿಂದ ಮೂಟೆ ತರ್ತಿದ್ರು, ಫ್ಲ್ಯಾಟ್ ಪೆಡಲ್‌ನಲ್ಲಿ, ಹವಾಯಿ ಚಪ್ಪಲಿಯಲ್ಲಿ. ಅವ್ರಿಗಿಂತ ಗಟ್ಟಿ ಸೈಕ್ಲಿಸ್ಟನ್ನ ನಾನಿನ್ನೂ ನೋಡಿಲ್ಲ.

ಎರಡು, ನಗಿಸಿಕೊಳ್ಳೋರಿಗೆ. ನಗಲಿ ಬಿಡಿ. ನೀವು ಒಂದು ವರ್ಷ ಫ್ಲ್ಯಾಟ್‌ನಲ್ಲಿ ಓಡಿಸಿ. ಆಮೇಲೂ ಉದ್ದ ರೈಡಲ್ಲಿ ಕಾಲು ಜಾರ್ತಿದೆ, ಕಲ್ಲಿನ ಮೇಲೆ ಪಾದ ಹಾರ್ತಿದೆ ಅನ್ಸಿದ್ರೆ, ಅವತ್ತು ತಗೊಳ್ಳಿ. ನಿಮ್ಮ ಕಾಲೇ ಕೇಳಬೇಕು, ಪಕ್ಕದವರ ಬಾಯಲ್ಲ.

ನನ್ನ ಸೈಕಲ್ಲಲ್ಲಿ ಈಗ ಏನಿದೆ ಅಂತ ಕೇಳ್ತೀರ ಅಂತ ಗೊತ್ತು. ವಾರದ ದಿನ ಫ್ಲ್ಯಾಟ್. ತಿಂಗಳಿಗೆ ಎರಡು ಭಾನುವಾರ ಮಂಚನಬೆಲೆ ಕಡೆ ಹೋಗೋವಾಗ ಮಾತ್ರ ಎಸ್‌ಪಿಡಿ, ಬೆಳ್ಳಿ ಬಣ್ಣದ ಕ್ಲೀಟ್, ಸ್ಪ್ರಿಂಗ್ ಸಡಿಲ, ಕೊನೆಗೂ ಸಿಕ್ಕಿದ 38 ಸೈಜಿನ ಶೂ. ಪೆಡಲ್ ಬದಲಾಯಿಸೋಕೆ ಹತ್ತು ನಿಮಿಷ ಬೇಕು. ಹಿಂದಿನ ರಾತ್ರಿ ಅಮ್ಮ ಮೆಷಿನ್ ಮೇಲೆ ಬಟ್ಟೆ ಹೊದಿಸೋವಾಗ ಕೂಗ್ತಾರೆ: "ಸ್ಕ್ರೂ ನೋಡಿದ್ಯೇನೇ?"

ನೋಡಿದ್ದೀನಮ್ಮಾ. ಎರಡೂ ಇವೆ.

ಚಿಕ್ಕಪ್ಪನ ಮಗಳೇ, ಇದನ್ನ ಓದ್ತಿದ್ಯಾ ಅಂತ ಗೊತ್ತು. ಶನಿವಾರ ಸೈಕಲ್ ತಗೊಂಡು ಮನೆಗೆ ಬಾ, ಮೊದಲು ಬ್ರೇಕ್ ಪ್ಯಾಡ್ ಹಾಕೋಣ. ಪ್ಯಾಡ್ ದುಡ್ಡು ನಂದು.

ಬೇರೆಯವರು, ನೀವು ಎಲ್ಲಿ ಬಿದ್ರಿ, ಹೇಗೆ ಬಿದ್ರಿ ಅಂತ ಕಾಮೆಂಟ್‌ನಲ್ಲಿ ಬರೀರಿ. ನಾಚಿಕೆ ಬೇಡ, ಎಲ್ಲರೂ ಬಿದ್ದೋರೇ. ಮುಂದಿನ ಖಾತೆ: ಪಂಕ್ಚರ್ ಕಿಟ್‌ನಲ್ಲಿ ಏನಿರಬೇಕು, ಏನು ದಂಡ.

#ಸೈಕಲ್‌ಖಾತೆ #ಹೊಸಕೆರೆಹಳ್ಳಿ #ಕ್ಲಿಪ್‌ಲೆಸ್ #ಫ್ಲ್ಯಾಟ್‌ಪೆಡಲ್ #ಬೆಂಗಳೂರುಸೈಕಲ್ #ಸ್ಕ್ರೂನೋಡಿದ್ಯೇನೇ